ಕ್ರೈಸ್ತರ ಪವಿತ್ರೀಕರಣ ತತ್ತ್ವವೂ ಮಂಗಳೂರಿನ ಅನುಭವವೂ

ಧರ್ಮಮಾರ್ಗದಲ್ಲಿ ಕಾಲಿಟ್ಟ ಸಾಧಕನಿಗೆ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ಒಂದು ಇದು: ಪಾವಿತ್ರ್ಯವು ದೊರೆಯತಕ್ಕ ವಸ್ತುವೋ, ಬೆಳೆಯತಕ್ಕ ಗುಣವೋ? ವೀರಶೈವನಿಗೆ ಈ ಪ್ರಶ್ನೆ ಹೊಸದಲ್ಲ. ಗುರುವು ದೀಕ್ಷೆಯಿತ್ತು ಇಷ್ಟಲಿಂಗವನ್ನು ಶಿಷ್ಯನ ಕರಸ್ಥಲಕ್ಕೆ ಕರುಣಿಸಿದ ಗಳಿಗೆಯಲ್ಲಿಯೇ ಅವನ ಪೂರ್ವಾಶ್ರಯವು ಅಳಿಯಿತೆಂದು ಶಾಸ್ತ್ರವು ಸಾರುತ್ತದೆ. ಹಾಗೆ ಅಳಿದ ಮೇಲೂ ಅವನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ಸ್ಥಲಗಳನ್ನು ಒಂದೊಂದಾಗಿ ಏರಬೇಕಾಗಿದೆ. ಒಮ್ಮೆ ಪಡೆದುದನ್ನೇ ಬಾಳಿನುದ್ದಕ್ಕೂ ಪಡೆಯುತ್ತ ಹೋಗುವ ಈ ಕ್ರಮವು ತರ್ಕಕ್ಕೆ ವಿರೋಧವಾಗಿ ಕಾಣಬಹುದು. ಅನುಭಾವಿಗೆ ಅದು ಸಹಜವಾದುದು.

ಕ್ರೈಸ್ತ ಧರ್ಮದಲ್ಲಿಯೂ ಇದೇ ಪ್ರಶ್ನೆ ಹುಟ್ಟಿ, ಅದಕ್ಕೆ ದೊರೆತ ಉತ್ತರವು ‘ಪವಿತ್ರೀಕರಣ’ ಎಂಬ ತತ್ತ್ವವಾಗಿ ಬೆಳೆದಿದೆ. ಆ ತತ್ತ್ವವು ಪಶ್ಚಿಮ ದೇಶಗಳ ಗ್ರಂಥಗಳಲ್ಲಿ ಮಾತ್ರ ಉಳಿಯದೆ, ಕನ್ನಡ ನಾಡಿನ ಕಡಲ ತಡಿಯ ಮಂಗಳೂರಿನಲ್ಲಿ ಜನರ ಮನೆ, ಮಗ್ಗ, ಆವಿಗೆ, ಆಸ್ಪತ್ರೆಗಳೊಳಗೆ ಇಳಿದು ಪರೀಕ್ಷೆಗೊಳಗಾಯಿತು. ಆ ಪರೀಕ್ಷೆಯ ಇತಿಹಾಸವನ್ನು ಅರಿಯುವುದು ಷಟ್‌ಸ್ಥಲದ ಅಭ್ಯಾಸಿಗಳಿಗೂ ಪ್ರಯೋಜನಕರವಾಗಿದೆ.

ಶಬ್ದಾರ್ಥ ವಿಚಾರ

ಯೆಹೂದ್ಯರ ಹೀಬ್ರೂ ಭಾಷೆಯಲ್ಲಿ ‘ಪವಿತ್ರ’ ಎಂಬುದಕ್ಕಿರುವ ಮಾತು ‘ಕಾದೋಶ್’. ದೇವರಿಗೆಂದು ಬೇರೆಯಾಗಿ ಇರಿಸಲ್ಪಟ್ಟದ್ದು ಎಂಬುದು ಅದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ. ಗುಡಿಯ ಪಾತ್ರೆಯೊಂದು ಪವಿತ್ರವಾಗುವುದು ಅದರ ಲೋಹದ ಗುಣದಿಂದಲ್ಲ, ಅದು ದೇವರ ಸೊತ್ತಾದುದರಿಂದ. ಹೊಸ ಒಡಂಬಡಿಕೆಯ ಗ್ರೀಕ್ ಪದವಾದ ‘ಹಗಿಯೋಸ್’ ಎಂಬುದೂ ಈ ಅರ್ಥವನ್ನೇ ಹೊತ್ತಿದೆ. ಆದುದರಿಂದಲೇ ಅಪೊಸ್ತಲ ಪೌಲನು ತನ್ನ ಪತ್ರಗಳಲ್ಲಿ ಸಾಮಾನ್ಯ ಭಕ್ತರನ್ನೂ, ಜಗಳಗಂಟರಾಗಿದ್ದ ಕೊರಿಂಥದ ಸಭೆಯವರನ್ನೂ ಕೂಡ, ಪವಿತ್ರರೆಂದೇ ಸಂಬೋಧಿಸಿದನು. ಕನ್ನಡ ಬೈಬಲಿನಲ್ಲಿ ಈ ಪದಕ್ಕೆ ‘ದೇವಜನರು’ ಎಂಬ ಅನುವಾದವು ರೂಢವಾಗಿದೆ. ಶರಣ ಸಾಹಿತ್ಯವನ್ನು ಬಲ್ಲವರಿಗೆ ಈ ಮಾತಿನ ಮರ್ಮ ಸುಲಭವಾಗಿ ತಿಳಿದೀತು. ‘ಶರಣ’ ಎಂಬ ಹೆಸರು ಅವನ ಯೋಗ್ಯತೆಯನ್ನು ಹೇಳುವುದಕ್ಕೆ ಮೊದಲು ಅವನು ಯಾರಿಗೆ ಶರಣುಹೋದನೆಂಬುದನ್ನು ಹೇಳುತ್ತದೆ.

ಕರಾವಳಿಯ ಜನಜೀವನದಲ್ಲಿ ಶುದ್ಧಿಯೆಂದರೆ ಬಹುಮಟ್ಟಿಗೆ ‘ಮಡಿ’ ಎಂದೇ ಅರ್ಥವಾಗಿತ್ತು. ಅದು ನೀರಿನಿಂದ, ಬಟ್ಟೆಯಿಂದ, ಹುಟ್ಟಿನಿಂದ, ಮುಟ್ಟಿದವರಾರು ಎಂಬುದರಿಂದ ತೀರ್ಮಾನವಾಗುತ್ತಿದ್ದ ಶುದ್ಧಿ. ಮನುಷ್ಯನನ್ನು ಹೊಲೆಗೆಡಿಸುವುದು ಹೊರಗಿನಿಂದ ಒಳಹೊಗುವ ಆಹಾರವಲ್ಲ, ಹೃದಯದಿಂದ ಹೊರಬರುವ ದುರಾಲೋಚನೆಯೆಂಬುದು ಯೇಸುವಿನ ಬೋಧೆಯಾಗಿ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಬಂದಿದೆ. ಲಿಂಗವಂತನಿಗೆ ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿಯೆಂಬ ಪಂಚಸೂತಕಗಳಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಶರಣಧರ್ಮದ ನಾಡಿನಲ್ಲಿ ಈ ಬೋಧೆಯು ಅಪರಿಚಿತ ಧ್ವನಿಯಾಗಿರಲಿಲ್ಲ. ಆಚರಣೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಎರಡೂ ಸಮಾಜಗಳ ಚರಿತ್ರೆ ತೋರಿಸಿಕೊಟ್ಟಿದೆ.

ಯುರೋಪಿನ ಹಿನ್ನೆಲೆ

ಪವಿತ್ರೀಕರಣದ ಬಗೆಗಿನ ಕ್ರೈಸ್ತ ಚಿಂತನೆಯಲ್ಲಿ ಮುಖ್ಯವಾಗಿ ಎರಡು ಮಾತುಗಳನ್ನು ಬೇರ್ಪಡಿಸಿ ನೋಡಬೇಕು. ದೇವರು ಪಾಪಿಯನ್ನು ಕ್ಷಮಿಸಿ ನೀತಿವಂತನೆಂದು ಸ್ವೀಕರಿಸುವುದು ಒಂದು. ಹಾಗೆ ಸ್ವೀಕೃತನಾದವನ ಬಾಳು ದಿನದಿನಕ್ಕೆ ಕ್ರಿಸ್ತನ ಸ್ವಭಾವದತ್ತ ತಿರುಗುವುದು ಇನ್ನೊಂದು. ಜರ್ಮನಿಯ ಮಾರ್ಟಿನ್ ಲೂಥರನು (1483–1546) ಮೊದಲನೆಯದು ಕೇವಲ ಕೃಪೆಯಿಂದ, ನಂಬಿಕೆಯ ಮೂಲಕ ದೊರೆಯುವುದೆಂದೂ, ಎರಡನೆಯದು ಅದರ ಫಲವಾಗಿ ತೋರುವುದೆಂದೂ ಪ್ರತಿಪಾದಿಸಿದನು. ಇದಕ್ಕೆ ಉತ್ತರವಾಗಿ ರೋಮನ್ ಕ್ಯಾಥೊಲಿಕ್ ಸಭೆಯು 1547ರಲ್ಲಿ ಟ್ರೆಂಟ್ ಮಹಾಸಭೆಯ ನಿರ್ಣಯದಲ್ಲಿ ಇವೆರಡನ್ನೂ ಹೀಗೆ ಅಗಲಿಸಲಾಗದೆಂದು ಹೇಳಿತು. ಕ್ಷಮೆಯೊಂದಿಗೇ ಒಳಗಿನ ನವೀಕರಣವೂ ನಡೆಯುತ್ತದೆ, ಸಂಸ್ಕಾರಗಳಿಂದಲೂ ಸತ್ಕಾರ್ಯಗಳಿಂದಲೂ ಆ ವರಪ್ರಸಾದವು ವೃದ್ಧಿಸುತ್ತದೆ ಎಂಬುದು ಅದರ ನಿಲುವು.

ಲೂಥರನ ಅನುಯಾಯಿಗಳಲ್ಲಿ ಕಾಲಕ್ರಮೇಣ ಸಿದ್ಧಾಂತದ ವಾದವೇ ಹೆಚ್ಚಿ, ನಡತೆಯ ಕಡೆಗಿನ ಲಕ್ಷ್ಯ ಕುಗ್ಗಿತು. ಇದನ್ನು ಕಂಡು ಮರುಗಿದ ಫಿಲಿಪ್ ಯಾಕೋಬ್ ಸ್ಪೇನರನು 1675ರಲ್ಲಿ ‘ಪಿಯಾ ಡೆಸಿಡೇರಿಯ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಮನೆಗಳಲ್ಲಿ ಸಣ್ಣ ಗುಂಪುಗಳಾಗಿ ಕೂಡಿ ಶಾಸ್ತ್ರವನ್ನು ಓದುವುದು, ಆತ್ಮಪರೀಕ್ಷೆ, ಪ್ರಾರ್ಥನೆ, ದಾನ, ಶುದ್ಧಾಚಾರ ಇವುಗಳಿಗೆ ಒತ್ತುಕೊಟ್ಟ ಈ ಚಳವಳಿಗೆ ‘ಪಯಟಿಸಂ’ ಎಂದು ಹೆಸರಾಯಿತು. ಕನ್ನಡದಲ್ಲಿ ಭಕ್ತಿಪಂಥವೆಂದು ಕರೆಯಬಹುದು. ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತವು ಇದರ ನೆಲೆಯಾಯಿತು. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯು (1703–1791) ಇದೇ ಹಾದಿಯಲ್ಲಿ ಮುಂದುವರಿದು, ದೇವರ ಮೇಲೆಯೂ ನೆರೆಯವನ ಮೇಲೆಯೂ ಇರುವ ಪರಿಪೂರ್ಣ ಪ್ರೀತಿಯೇ ಪವಿತ್ರೀಕರಣದ ತುದಿಯೆಂದು ಬೋಧಿಸಿದನು.

ಈ ಭಕ್ತಿಪಂಥದ ಜನರೇ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಶನ್ ಸಂಸ್ಥೆಯನ್ನು ಕಟ್ಟಿದರು. ಅದರಲ್ಲಿ ಸೇರಿದವರಲ್ಲಿ ವ್ಯುರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮನೆಗಳಿಂದ ಬಂದ ಯುವಕರು ಬಹಳ ಮಂದಿ.

ಮಂಗಳೂರಿಗೆ ಬಂದ ಬಗೆ

ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದಲ್ಲಿ ನೆಲೆಸಲು 1833ರ ಕಾಯಿದೆಯಿಂದ ಅವಕಾಶವಾಗಲು, ಸ್ಯಾಮುವೆಲ್ ಹೆಬಿಕ್, ಜಾನ್ ಲೇನರ್, ಕ್ರಿಶ್ಚಿಯನ್ ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ 30ರಂದು ಮಂಗಳೂರನ್ನು ತಲುಪಿದರು. 1836ರಲ್ಲಿ ಹೆರ್ಮನ್ ಮೋಗ್ಲಿಂಗನೂ, 1840ರಲ್ಲಿ ಗಾಟ್‌ಫ್ರೀಡ್ ವೈಗಲನೂ, 1853ರಲ್ಲಿ ಫರ್ಡಿನಂಡ್ ಕಿಟ್ಟೆಲನೂ ಬಂದು ಸೇರಿದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗನೇ, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಬಸವಪುರಾಣ ಮೊದಲಾದ ಪ್ರಾಚೀನ ಕಾವ್ಯಗಳನ್ನು ಶಿಲಾಮುದ್ರಣದಲ್ಲಿ ಅಚ್ಚುಮಾಡಿಸಿದನೆಂಬುದು ವೀರಶೈವ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿದಿತವೇ ಇದೆ. ಕಿಟ್ಟೆಲನ 1894ರ ಮಹಾನಿಘಂಟಿನ ಉಪಕಾರವನ್ನಂತೂ ಕನ್ನಡಿಗರು ಮರೆಯುವಂತಿಲ್ಲ.

ಇವರು ತಂದ ಧರ್ಮಬೋಧೆಯ ಸ್ವರೂಪವನ್ನು ಇವರು ಅಚ್ಚಿಸಿದ ಪುಸ್ತಕಗಳಿಂದ ಅರಿಯಬಹುದು. ಯೋಹಾನ್ನೆಸ್ ಗಾಸ್ನರನು 1812ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಸಚಿತ್ರ ಪುಸ್ತಕವೊಂದು ‘ಹೃದಯ ದರ್ಪಣ’ವೆಂಬ ಹೆಸರಿನಿಂದ ಕನ್ನಡಕ್ಕೆ ಬಂದಿತು. ಮನುಷ್ಯನ ಹೃದಯದೊಳಗೆ ಗರ್ವದ ನವಿಲು, ಕೋಪದ ಹುಲಿ, ಮತ್ಸರದ ಹಾವು, ಸೋಮಾರಿತನದ ಆಮೆ ಮೊದಲಾದ ಪ್ರಾಣಿಗಳು ನೆಲೆಸಿರುವಂತೆ ಅದರಲ್ಲಿ ಚಿತ್ರಿಸಲಾಗಿದೆ. ಪವಿತ್ರಾತ್ಮನ ಬೆಳಕು ಹೊಕ್ಕಂತೆ ಅವು ಹೊರಟುಹೋಗುತ್ತವೆ. ಭಕ್ತನು ಎಚ್ಚರದಪ್ಪಿದರೆ ಹಿಂತಿರುಗಿ ಬರುತ್ತವೆ. ಅರಿಷಡ್ವರ್ಗಗಳ ವರ್ಣನೆಯನ್ನು ಕೇಳಿ ಬೆಳೆದ ಕನ್ನಡ ಓದುಗನಿಗೆ ಈ ಚಿತ್ರಗಳು ತಕ್ಷಣವೇ ಮಾತಾಡಿರಬೇಕು. ಜಾನ್ ಬನಿಯನ್ನನ ಪ್ರಸಿದ್ಧ ರೂಪಕಕಥೆಯು ‘ಯಾತ್ರಿಕನ ಸಂಚಾರ’ವಾಗಿ ಕನ್ನಡಿಸಲ್ಪಟ್ಟಿತು. ಬೆನ್ನಮೇಲಿನ ಪಾಪದ ಹೊರೆಯು ಶಿಲುಬೆಯ ಬಳಿ ತಾನಾಗಿ ಕಳಚಿಬಿದ್ದ ಮೇಲೂ ಆ ಯಾತ್ರಿಕನ ಪ್ರಯಾಣವು ಮುಗಿಯುವುದಿಲ್ಲ; ಅಲ್ಲಿಂದ ಮುಂದೆಯೇ ಬೆಟ್ಟವೂ ಕಣಿವೆಯೂ ಸಂತೆಯೂ ಸೆರೆಮನೆಯೂ ಎದುರಾಗುತ್ತವೆ. ಹೊರೆ ಕಳಚಿದ್ದು ಕೃಪೆ, ಮುಂದಿನ ನಡಿಗೆ ಪವಿತ್ರೀಕರಣ. ಸಿದ್ಧಾಂತಗ್ರಂಥಗಳ ಸೂಕ್ಷ್ಮವು ಇಲ್ಲಿ ಕಥೆಯಾಗಿ ಸಾಮಾನ್ಯ ಓದುಗನ ಕೈಸೇರಿತು.

ಪಾವಿತ್ರ್ಯವು ಜೀವನೋಪಾಯದ ಪ್ರಶ್ನೆಯಾದುದು

ಸಿದ್ಧಾಂತವು ಆಚಾರಕ್ಕಿಳಿದಾಗ ಹೊಸ ಕಷ್ಟಗಳು ತಲೆದೋರಿದವು. ಮಂಗಳೂರಿನ ಸುತ್ತಮುತ್ತ ಬಾಸೆಲ್ ಮಿಶನ್ನಿನ ಸಭೆಯನ್ನು ಸೇರಿದವರಲ್ಲಿ ಬಿಲ್ಲವರು ಬಹುಸಂಖ್ಯರು. ಕಳ್ಳು ಇಳಿಸುವುದು ಅವರಲ್ಲಿ ಅನೇಕರ ಕುಲಕಸುಬು. ಭೂತಾರಾಧನೆಯು ಅವರ ಮನೆತನ, ಭೂಮಿ, ಬಂಧುತ್ವಗಳೆಲ್ಲವನ್ನೂ ಹೆಣೆದ ಹಗ್ಗ. ದೀಕ್ಷಾಸ್ನಾನ ಪಡೆದವನು ಇವೆರಡನ್ನೂ ಬಿಡಬೇಕೆಂಬುದು ಮಿಶನ್ನಿನ ಕಟ್ಟುನಿಟ್ಟು. ಸಭೆಯೊಳಗೆ ಜಾತಿಭೇದವನ್ನು ಪಾಲಿಸುವಂತಿರಲಿಲ್ಲ, ಸಹಪಂಕ್ತಿಯಲ್ಲಿ ಕುಳಿತುಣ್ಣಲೇಬೇಕಿತ್ತು. ಹೀಗೆ ಮನಸ್ಸಿನ ಪರಿವರ್ತನೆಯು ಒಡನೆಯೇ ಹೊಟ್ಟೆಯ ಪ್ರಶ್ನೆಯಾಯಿತು. ಕಸುಬು ಹೋಯಿತು, ಗೇಣಿಯ ಭೂಮಿಗೆ ಕುತ್ತು ಬಂದಿತು, ಮನೆಯವರು ದೂರವಾದರು.

ಮಿಶನ್ನಿನ ಕೈಗಾರಿಕೆಗಳು ಬೆಳೆದುದು ಈ ಸಂಕಟದಿಂದ. 1841ರಲ್ಲಿ ಆರಂಭವಾದ ಮುದ್ರಣಾಲಯ, 1851ರಲ್ಲಿ ಜಾನ್ ಹಾಲರನು ಬಂದು ವ್ಯವಸ್ಥೆಗೊಳಿಸಿದ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟನು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆ ಇವು ನೂರಾರು ಕುಟುಂಬಗಳಿಗೆ ಅನ್ನವಿತ್ತವು. ‘ಮಂಗಳೂರು ಹಂಚು’ ಎಂಬ ಹೆಸರು ಸಮುದ್ರದಾಚೆಗೂ ಹೋಯಿತು. ಲೂಥರನ ಮತದಲ್ಲಿ ಚಮ್ಮಾರನ ಕೆಲಸವೂ ರೈತನ ಉಳುಮೆಯೂ ಪಾದ್ರಿಯ ಕೆಲಸದಷ್ಟೇ ದೇವರ ಕರೆಯಾಗಿವೆ. ಅದನ್ನು ನಂಬಿದ ಮಿಶನರಿಗಳಿಗೆ ಕಾರ್ಖಾನೆಯು ಜೀವನೋಪಾಯವಷ್ಟೇ ಆಗದೆ ಸಾಧನೆಯ ಕ್ಷೇತ್ರವೂ ಆಗಿ ಕಂಡಿತು. ಶರಣರ ಕಾಯಕತತ್ತ್ವಕ್ಕೆ ಇದು ಬಹು ಸಮೀಪದ್ದು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಲಾಗದು. ಶರಣನು ತನ್ನ ಕಾಯಕವನ್ನು ತಾನೇ ಸತ್ಯಶುದ್ಧವಾಗಿ ನಡೆಸಿ, ಫಲವನ್ನು ಜಂಗಮದಾಸೋಹಕ್ಕೆ ಸಲ್ಲಿಸಿದನು. ಜೆಪ್ಪುವಿನ ಕೆಲಸಗಾರನ ದುಡಿಮೆಯು ಗಂಟೆಯ ಸದ್ದಿಗೂ ಮೇಲ್ವಿಚಾರಕನ ಕಣ್ಣಿಗೂ ಅಧೀನವಾಗಿತ್ತು.

ಸಭಾಶಿಸ್ತಿನಲ್ಲಿಯೂ ಇದೇ ಇಕ್ಕಟ್ಟು ಕಾಣಬರುತ್ತದೆ. ಕುಡಿತ, ಸಾಲ, ಜಗಳ, ಭೂತದ ಕೋಲಕ್ಕೆ ಹೋಗುವುದು ಇವುಗಳನ್ನು ಸಭೆಯ ಹಿರಿಯರು ಗಮನಿಸುತ್ತಿದ್ದರು. ತಪ್ಪಿದವನನ್ನು ಪ್ರಭುಭೋಜನದ ಸಂಸ್ಕಾರದಿಂದ ದೂರವಿರಿಸಿ, ಪಶ್ಚಾತ್ತಾಪಪಟ್ಟ ಮೇಲೆ ಮತ್ತೆ ಸೇರಿಸಿಕೊಳ್ಳುವುದು ಕ್ರಮ. ಈ ಶಿಸ್ತು ಅನೇಕರನ್ನು ಕುಡಿತದಿಂದ ಬಿಡಿಸಿತು, ಮಕ್ಕಳಿಗೆ ಅಕ್ಷರ ಕಲಿಸಿತು, ಮನೆಗಳಿಗೆ ನೆಮ್ಮದಿ ತಂದಿತು. ಆದರೆ ಅನ್ನ ಕೊಡುವವನೂ ಆತ್ಮದ ಲೆಕ್ಕ ಕೇಳುವವನೂ ಒಬ್ಬನೇ ಆದಾಗ, ಹೊರಗಿನ ನಡತೆಯು ಒಳಗಿನ ಬೆಳವಣಿಗೆಯ ಗುರುತೋ ಅಥವಾ ಕೆಲಸ ಕಳೆದುಕೊಳ್ಳುವ ಭಯದ ಗುರುತೋ ಎಂಬುದನ್ನು ಯಾರು ಹೇಳಬಲ್ಲರು? ಪಾವಿತ್ರ್ಯವನ್ನು ಪುಸ್ತಕದಲ್ಲಿ ಬರೆದಿಡಬಹುದೆಂದು ಹೊರಟ ಎಲ್ಲ ಸಂಸ್ಥೆಗಳನ್ನೂ ಕಾಡುವ ಪ್ರಶ್ನೆಯಿದು; ಮಠಮಾನ್ಯಗಳಿಗೂ ಇದರಿಂದ ವಿನಾಯತಿಯಿಲ್ಲ.

ಇದರ ಬೆಲೆಯನ್ನು ಇನ್ನೊಂದು ಬಗೆಯಲ್ಲಿ ತೆತ್ತವನು ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣ ಕುಲದ ಈ ತರುಣನು ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿ, 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. 1846ರಲ್ಲಿ ಮೋಗ್ಲಿಂಗನೊಡನೆ ಬಾಸೆಲಿಗೆ ತೆರಳಿ, ಅಲ್ಲಿ ದೈವಶಾಸ್ತ್ರವನ್ನು ಕಲಿತು, 1851ರಲ್ಲಿ ಗುರುಪಟ್ಟವನ್ನು ಪಡೆದು ಹಿಂತಿರುಗಿದನು. ಮಂಗಳೂರಿನಲ್ಲಿ ಬೋಧಿಸಿ, ಮುಂದೆ ಕೊಡಗಿನ ಆನಂದಪುರದಲ್ಲಿ, ಸಮಾಜವು ಅಸ್ಪೃಶ್ಯರೆಂದು ತಳ್ಳಿದ ಕೂಲಿಗಳ ನಡುವೆ ಕೆಲಸಮಾಡಿದನು. ಮಡಿಯ ಮನೆಯಲ್ಲಿ ಹುಟ್ಟಿದವನೊಬ್ಬನಿಗೆ ಪವಿತ್ರೀಕರಣವೆಂದರೆ ಯಾರೊಡನೆ ಕುಳಿತು ಉಣ್ಣುವುದು, ಯಾರ ಗುಡಿಸಲಿಗೆ ಹೋಗುವುದು ಎಂಬುದಾಗಿ ಪರಿಣಮಿಸಿತು.

ಕ್ಯಾಥೊಲಿಕರ ಪರಂಪರೆ

ಮಂಗಳೂರಿನ ಕ್ರೈಸ್ತರೆಂದರೆ ಬಾಸೆಲ್ ಮಿಶನ್ನಿನವರು ಮಾತ್ರವೆಂದು ತಿಳಿಯಲಾಗದು. ಅವರಿಗಿಂತ ಬಹು ಹಿಂದೆಯೇ ಗೋವೆಯಿಂದ ಬಂದು ನೆಲೆಸಿದ ಕೊಂಕಣಿ ಕ್ಯಾಥೊಲಿಕರೇ ಇಲ್ಲಿ ಬಹುಸಂಖ್ಯರು. ಈ ಪರಂಪರೆಯಲ್ಲಿ ಪಾವಿತ್ರ್ಯದ ಬೆಳವಣಿಗೆಗೆ ಜ್ಞಾನಸ್ನಾನ, ಪಾಪನಿವೇದನೆ, ಪರಮಪ್ರಸಾದ ಮೊದಲಾದ ಸಂಸ್ಕಾರಗಳೇ ಆಹಾರ. ‘ವರಪ್ರಸಾದ’ ಎಂಬ ಅವರ ಕನ್ನಡ ಪಾರಿಭಾಷಿಕ ಶಬ್ದವು ಅಷ್ಟಾವರಣದ ಪ್ರಸಾದವನ್ನು ಬಲ್ಲವರಿಗೆ ಪರಿಚಿತವಾಗಿ ಕೇಳಿಸುತ್ತದೆ. 1784ರಿಂದ 1799ರವರೆಗೆ ಇವರಲ್ಲಿ ಬಹುಜನರು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಳೆದರು. ಗುರುಗಳ ನೆರವು ತಪ್ಪಿಹೋದ ಆ ದಿನಗಳಲ್ಲಿ ಪ್ರಾರ್ಥನೆಯ ನೆನಪೇ ಅವರನ್ನು ಹಿಡಿದು ನಿಲ್ಲಿಸಿತು.

ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೋ ಮೊಸ್ಕೇನಿಯು 1899ರಿಂದ ಮುಂದೆ ವರ್ಣಚಿತ್ರಗಳಿಂದ ತುಂಬಿಸಿದನು. ರಾಜವೈಭವವನ್ನು ತೊರೆದು, ರೋಮಿನಲ್ಲಿ ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡುತ್ತ 1591ರಲ್ಲಿ 23ರ ಹರೆಯದಲ್ಲಿ ಮಡಿದ ಅಲೋಶಿಯಸ್ ಗೊನ್ಜಾಗನ ಜೀವನವು ಅಲ್ಲಿ ಚಿತ್ರಿತವಾಗಿದೆ. ಅದೇ ನಗರದ ಕಂಕನಾಡಿಯಲ್ಲಿ ಜೆಸ್ವಿಟ್ ಗುರು ಅಗಸ್ಟಸ್ ಮುಲ್ಲರನು 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನೂ ಮುಂದೆ ಬಡವರ ಆಸ್ಪತ್ರೆಯನ್ನೂ ಸ್ಥಾಪಿಸಿದನು. ಗೋಡೆಯ ಮೇಲಿನ ಸಂತನ ಚಿತ್ರಕ್ಕೆ ಕುಷ್ಠಧಾಮದ ಹಾಸಿಗೆಯೇ ವ್ಯಾಖ್ಯಾನವೆನ್ನಬಹುದು. ಪಾವಿತ್ರ್ಯವು ಸಂನ್ಯಾಸಿಗಳ ಮತ್ತು ಗುರುಗಳ ಪಾಲಿನದೇ ಅಲ್ಲ, ಗೃಹಸ್ಥರೂ ಸೇರಿದಂತೆ ಎಲ್ಲ ಭಕ್ತರಿಗೂ ಅದರ ಕರೆಯಿದೆಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಸ್ಪಷ್ಟವಾಗಿ ಘೋಷಿಸಿತು. ಸಂಸಾರದೊಳಗಿದ್ದೇ ಶರಣರಾದ ನೂರಾರು ಕಾಯಕಜೀವಿಗಳ ನಾಡಿಗೆ ಈ ಮಾತು ಹೃದ್ಯವಾದುದು.

ಷಟ್‌ಸ್ಥಲದೊಡನೆ ತಾರತಮ್ಯ

ಎರಡು ಧರ್ಮಗಳ ತತ್ತ್ವಗಳನ್ನು ಹೋಲಿಸುವಾಗ ಸಾಮ್ಯವನ್ನು ಮಾತ್ರ ಹೇಳಿದರೆ ಅರ್ಧ ಸತ್ಯವಾಗುತ್ತದೆ. ದೀಕ್ಷೆಯಿಂದ ಆರಂಭವಾಗಿ, ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸವೆಂಬ ಭಕ್ತಿಗಳ ಮೂಲಕ ಏರುವ ಷಟ್‌ಸ್ಥಲದ ಸೋಪಾನವು ಲಿಂಗಾಂಗ ಸಾಮರಸ್ಯದಲ್ಲಿ ಕೊನೆಗೊಳ್ಳುತ್ತದೆ; ಅಲ್ಲಿ ಅಂಗವೆಂದೂ ಲಿಂಗವೆಂದೂ ಎರಡುಳಿಯುವುದಿಲ್ಲ. ಕ್ರೈಸ್ತನ ಪವಿತ್ರೀಕರಣವು ದೇವರೊಡನೆ ಅನ್ಯೋನ್ಯವನ್ನು ಬಯಸಿದರೂ, ಸೃಷ್ಟಿಕರ್ತನಿಗೂ ಸೃಷ್ಟಿಗೂ ಇರುವ ಭೇದವನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತದೆ. ವೀರಶೈವನು ಮಲತ್ರಯಗಳು ಕಳೆಯುವುದನ್ನು ಹೇಳಿದರೆ, ಕ್ರೈಸ್ತನು ಪಾಪವನ್ನು ದೇವರೊಡನೆಯ ಸಂಬಂಧದ ಭಂಗವೆಂದು ಕಾಣುತ್ತಾನೆ. ಲೂಥರನ ಅನುಯಾಯಿಯು ತನ್ನ ಬೆಳವಣಿಗೆಗೆ ಮೆಟ್ಟಿಲುಗಳನ್ನು ಎಣಿಸುವುದಕ್ಕೂ ಹಿಂಜರಿಯುತ್ತಾನೆ. ಎಷ್ಟು ಮುಂದೆ ಹೋದರೂ ತಾನು ಕ್ಷಮೆ ಬೇಡುವವನೇ ಎಂಬುದು ಅವನ ನಿಲುವು.

ಹೀಗಿದ್ದರೂ ಒಂದು ಸ್ಥಾನದಲ್ಲಿ ಎರಡೂ ಕೂಡುತ್ತವೆ. ಪ್ರಸಾದಿಸ್ಥಲದ ಸಾಧಕನು ತನ್ನದೆಂಬುದೆಲ್ಲವನ್ನೂ ಅರ್ಪಿಸಿ, ಹಿಂತಿರುಗಿ ಬಂದುದನ್ನು ಪ್ರಸಾದವೆಂದೇ ಸ್ವೀಕರಿಸುತ್ತಾನೆ. ತನ್ನ ಸತ್ಕಾರ್ಯವೂ ತನ್ನದಲ್ಲ, ಕೃಪೆಯ ಫಲವೆಂದು ತಿಳಿಯುವ ಕ್ರೈಸ್ತನ ಮನಸ್ಸೂ ಇದಕ್ಕೆ ದೂರವಲ್ಲ. ತಾನು ಪವಿತ್ರನಾದೆನೆಂಬ ಅಹಂಕಾರವು ಹುಟ್ಟಿದ ಕ್ಷಣದಲ್ಲಿಯೇ ಪಾವಿತ್ರ್ಯವು ಸೋರಿಹೋಗುವುದೆಂಬ ಎಚ್ಚರವನ್ನು ಶರಣರೂ ಹೇಳಿದ್ದಾರೆ, ‘ಹೃದಯ ದರ್ಪಣ’ದ ನವಿಲೂ ಹೇಳುತ್ತದೆ.

ಪರೀಕ್ಷೆಯ ಕಾಲ ಮತ್ತು ಫಲ

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಗಲು, ಮಂಗಳೂರಿನ ಜರ್ಮನ್ ಮಿಶನರಿಗಳು ಶತ್ರುದೇಶದವರೆಂದು ಕೆಲಸದಿಂದ ತೆಗೆಯಲ್ಪಟ್ಟರು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಅನ್ನ ಕೊಡುವವನೂ ಲೆಕ್ಕ ಕೇಳುವವನೂ ಆಗಿದ್ದ ಮೇಲ್ವಿಚಾರಕನು ಹೀಗೆ ಕಣ್ಮರೆಯಾದನು. ಶಿಸ್ತು ಭಯದಿಂದ ಮಾತ್ರ ನಿಂತಿದ್ದರೆ ಸಭೆಯು ಆಗಲೇ ಚದುರಿಹೋಗಬೇಕಾಗಿತ್ತು. ಹಾಗಾಗಲಿಲ್ಲ. ಈ ನಾಡಿನ ಸಭಾಪಾಲಕರೂ ಉಪದೇಶಿಗಳೂ ಶಿಕ್ಷಕರೂ ಹೊಣೆಯನ್ನು ಹೊತ್ತರು. ಕನ್ನಡದ ಆರಾಧನೆಯೂ ಸಂಗೀತವೂ ನಿಲ್ಲಲಿಲ್ಲ. ಆ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ ಅಂಗವಾಗಿ ಬಾಳುತ್ತಿವೆ. ಹೊರಗಿನ ಕಟ್ಟು ಕಳಚಿದಾಗ ಒಳಗೆ ಬೆಳೆದುದೆಷ್ಟು ಎಂಬುದು ತಿಳಿಯಿತು.

ಈ ಬೆಳವಣಿಗೆಯ ಪಕ್ವಫಲವನ್ನು ವೀರಶೈವ ವಾಚಕರು ಉತ್ತಂಗಿ ಚನ್ನಪ್ಪನವರಲ್ಲಿ (1881–1962) ಕಂಡಿದ್ದಾರೆ. ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಶನ್ನಿನ ದೈವಶಾಸ್ತ್ರ ಶಾಲೆಯಲ್ಲಿ ಕಲಿತು, ಸಭಾಪಾಲಕರಾದ ಅವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥ ರಚಿಸಿದರು. 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಕ್ರಿಸ್ತಭಕ್ತಿಯನ್ನು ಎಳ್ಳಷ್ಟೂ ಸಡಿಲಿಸದೆ ಬಸವಾದಿ ಪ್ರಮಥರ ಮುಂದೆ ತಲೆಬಾಗಿದ ಆ ಹಿರಿಯರ ಬಾಳಿನಲ್ಲಿ, ‘ಬೇರೆಯಾಗಿ ಇರಿಸಲ್ಪಟ್ಟದ್ದು’ ಎಂಬ ಪಾವಿತ್ರ್ಯದ ಹಳೆಯ ಅರ್ಥವು ನೆರೆಯವನಿಂದ ದೂರವಾಗುವುದಾಗಿ ಉಳಿಯಲಿಲ್ಲ. ದೇವರ ಸೊತ್ತಾದವನಿಗೆ ಇನ್ನೊಬ್ಬರ ಮನೆಯ ದೀಪದ ಬೆಳಕಿನಿಂದ ನಷ್ಟವೇನೂ ಇಲ್ಲವೆಂಬ ಧೈರ್ಯವು ಅವರಲ್ಲಿ ಮೂಡಿತ್ತು.

ದೊರೆತ ಪಾವಿತ್ರ್ಯವು ಬೆಳೆಯದಿದ್ದರೆ ಅದು ಹೆಸರಿಗಷ್ಟೇ ಉಳಿದ ಮಡಿಯಾಗುತ್ತದೆ. ಬೆಳೆಯುವ ಪಾವಿತ್ರ್ಯವು ತಾನು ದೊರೆತ ವರವೆಂಬುದನ್ನು ಮರೆತರೆ ಗರ್ವವಾಗುತ್ತದೆ. ಮಂಗಳೂರಿನ ಕ್ರೈಸ್ತರು ಕಸುಬನ್ನೂ ಕುಲವನ್ನೂ ಕಳೆದುಕೊಂಡು ಕಲಿತ ಪಾಠವಿದು. ಕೊರಳಲ್ಲಿ ಲಿಂಗವನ್ನು ಧರಿಸಿ ಸ್ಥಲಗಳನ್ನೇರಲು ಹೊರಟವರಿಗೂ ಇದು ಮನನಯೋಗ್ಯವಾಗಿದೆ.